ಕೊಲೊನೋಸ್ಕೋಪಿಗೆ ಮುಂಚಿನ ಕನ್ನಡ ಸೂಚನಾ ಹಾಳೆ: ಎಲ್ಲಿ ತಪ್ಪುತ್ತಿದೆ, ಹೇಗೆ ಬರೆಯಬೇಕು?

ದೊಡ್ಡಕರುಳು (ಜಠರ-ಕರುಳು ತಜ್ಞ)

ಕೊಲೊನೋಸ್ಕೋಪಿಗೆ, ಅಂದರೆ ಕ್ಯಾಮೆರಾ ಇರುವ ಕೊಳವೆ (ಸ್ಕೋಪ್) ಹಾಕಿ ದೊಡ್ಡಕರುಳಿನ ಒಳಗೆ ನೋಡುವ ಪರೀಕ್ಷೆಗೆ, ಬರುವವರ ಕೈಗೆ ಕೊಡುವ ಕನ್ನಡ ಹಾಳೆಗಳು ಬಹುಪಾಲು ಇಂಗ್ಲಿಷ್ ಹಾಳೆಯನ್ನು ಮುಂದಿಟ್ಟುಕೊಂಡು ಸಾಲಿಗೆ ಸಾಲು ಇಳಿಸಿದವು. ನಮಗೆ ಓದಿದರೆ ಎಲ್ಲ ಸರಿ ಅನ್ನಿಸುತ್ತದೆ. ಅದನ್ನೇ ಓದಿ ಬಂದವರ ಬಲಗರುಳು ಮಾತ್ರ ಹಳದಿ ಅಂಟಿನಿಂದ ಮುಚ್ಚಿಕೊಂಡಿರುತ್ತದೆ. ನಮ್ಮ ಊಟ, ನಮ್ಮ ಪಾತ್ರೆ, ನಮ್ಮ ಮಾತಿಗೆ ಹೊಂದುವ ಒಂದು ಹಾಳೆಯನ್ನು ಇಲ್ಲೇ ಕೂಡಿ ಬರೆಯೋಣ.

ಕರುಳು ಎಷ್ಟು ಶುಭ್ರವಾಗಿದೆ ಎಂಬುದಕ್ಕೆ ಅಳತೆಗೋಲು ಎಲ್ಲರಿಗೂ ಒಂದೇ ಇರಲಿ, ಬಾಸ್ಟನ್ ಸ್ಕೋರ್. ಬಲ, ಅಡ್ಡ, ಎಡ ಮೂರು ಭಾಗಕ್ಕೂ 0ಯಿಂದ 3ರವರೆಗೆ ಅಂಕ. ಪ್ರತಿ ಭಾಗಕ್ಕೂ ಕನಿಷ್ಠ 2 ಬಂದರೆ ಮಾತ್ರ ಸಿದ್ಧತೆ ಸಾಲುತ್ತದೆ. ಒಟ್ಟು 6 ಬಂತೆಂದು ಬರೆದು ಮುಗಿಸುವುದು ತಪ್ಪು, ಏಕೆಂದರೆ 3+2+1 ಕೂಡ 6, ಮತ್ತು ಆ 1 ಸಾಮಾನ್ಯವಾಗಿ ಬಲಭಾಗದ್ದೇ. ನೀರು ಹಾಯಿಸಿ, ಹೀರಿ ತೆಗೆದು, ಸ್ಕೋಪ್ ಹಿಂದೆ ತರುವಾಗ ಅಂಕ ಹಾಕಬೇಕು, ಒಳಗೆ ಹೋಗುವಾಗ ಅಲ್ಲ. ಹೊರರೋಗಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟಾದರೂ ಸಾಲುವ ಸಿದ್ಧತೆ ಇರಬೇಕು ಎಂಬುದು ಈಗ ಒಪ್ಪಿತ ಗುರಿ.

ಬಲಭಾಗವೇ ಯಾಕೆ ಕೆಡುತ್ತದೆ? ಹಿಂದಿನ ಸಂಜೆಯೇ ಪೂರ್ತಿ ಔಷಧ ಕುಡಿಸಿಬಿಟ್ಟರೆ ಮಲಗುವ ಹೊತ್ತಿಗೆ ದೊಡ್ಡಕರುಳು ಶುಭ್ರವಾಗಿರುತ್ತದೆ, ನಿಜ. ಆದರೆ ರಾತ್ರಿಯಿಡೀ ಸಣ್ಣಕರುಳಿನಿಂದ ಪಿತ್ತ ಬೆರೆತ ಲೋಳೆ ಸೀಕಮ್‌ಗೆ (ದೊಡ್ಡಕರುಳು ಶುರುವಾಗುವ ಬಲಭಾಗದ ಜಾಗ) ಇಳಿಯುತ್ತಲೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಅದು ಗೋಡೆಗೆ ಹತ್ತಿಕೊಂಡಿರುತ್ತದೆ. ಮುಂದೆ ಕ್ಯಾನ್ಸರ್ ಆಗಬಲ್ಲ, ಚಪ್ಪಟೆಯಾದ ಸೆರೇಟೆಡ್ ಗಡ್ಡೆಗಳು ಹೆಚ್ಚಾಗಿ ಕೂತಿರುವುದು ಅಲ್ಲೇ. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಹೆಚ್ಚಾಗಿ ಹಿಡಿಯುವ ಜಾಗವೂ ಅದೇ, ಇಲಿಯಮ್ (ಸಣ್ಣಕರುಳಿನ ಕೊನೆಯ ಭಾಗ) ಮತ್ತು ಸೀಕಮ್ ಕೂಡುವಲ್ಲಿ. ಹಾಗಾಗಿ ಬೆಳಗಿನ ಎರಡನೇ ಕಂತು ತಪ್ಪಬಾರದು. ಹಾಳೆಯ ಮಿಕ್ಕದ್ದೆಲ್ಲ ಈ ಒಂದು ಮಾತಿನ ಸುತ್ತ ನಿಲ್ಲಬೇಕು.

ಎಂಡೋ ಸಿಸ್ಟರ್

ಸರ್, ಮೊದಲ ತೊಡಕು ಭಾಷೆಯದೇ. ಹಾಳೆಯಲ್ಲಿ "ತಿಳಿ ದ್ರವ ಮಾತ್ರ ಸೇವಿಸಿ" ಅಂತಿರುತ್ತದೆ. ನಮ್ಮ ಮನೆಗಳಲ್ಲಿ ತಿಳಿ ಅಂದರೆ ನೀರು ಜಾಸ್ತಿ ಇರುವುದು. ತಿಳಿ ಮಜ್ಜಿಗೆ, ತಿಳಿ ಸಾರು, ತಿಳಿ ಗಂಜಿ. ಅವರು ಹಾಳೆ ಹೇಳಿದ್ದನ್ನೇ ಮಾಡುತ್ತಾರೆ, ಎರಡು ಚೊಂಬು ತಿಳಿ ಮಜ್ಜಿಗೆ ಕುಡಿದು ಬರುತ್ತಾರೆ. ತಪ್ಪು ಅವರದ್ದಲ್ಲ. "ಲೋಟದ ಆಚೆ ಬೆರಳಿಟ್ಟರೆ ಕಾಣಬೇಕು, ಅಂಥದ್ದನ್ನು ಮಾತ್ರ ಕುಡಿಯಿರಿ" ಅಂತ ಬರೆದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಅದಕ್ಕೆ ಗಾಜಿನ ಲೋಟ ಬೇಕು, ಸ್ಟೀಲ್ ಲೋಟದಲ್ಲಿ ಕಾಣುವುದಿಲ್ಲ. ಅದನ್ನೂ ಬರೆಯಬೇಕು.

ಎರಡನೆಯದು "ಖಾಲಿ ಹೊಟ್ಟೆಯಲ್ಲಿ ಬನ್ನಿ". ಈ ಮೂರು ಪದ ಇದ್ದರೆ ಅರ್ಧ ಜನ ಬೆಳಗಿನ ಪುಡಿನೀರು ಬಿಟ್ಟೇ ಬಿಡುತ್ತಾರೆ. ರಕ್ತಪರೀಕ್ಷೆಗೆ ಹೋಗುವಾಗ ಕೇಳಿದ ಮಾತು ಅದು, ಹನಿ ನೀರೂ ಮುಟ್ಟಬಾರದು ಅಂತಲೇ ಅವರ ಲೆಕ್ಕ. ಈ ಹಾಳೆಯಲ್ಲಿ ಆ ಪದವೇ ಬೇಡ.

ಮೂರನೆಯದು ಅಳತೆ. ಪಾಲಿಎಥಿಲೀನ್ ಗ್ಲೈಕಾಲ್, ನಾವು ಪೆಗ್ ಪುಡಿ ಅನ್ನುತ್ತೇವಲ್ಲ, ಅದರ ದೊಡ್ಡ ಪೊಟ್ಟಣ ಸುಮಾರು 137 ಗ್ರಾಂ. ಅದರಲ್ಲಿ 118 ಗ್ರಾಂ ಪೆಗ್, ಉಳಿದದ್ದು ಸೋಡಿಯಂ ಸಲ್ಫೇಟ್, ಅಡುಗೆ ಸೋಡಾ, ಉಪ್ಪು, ಪೊಟ್ಯಾಸಿಯಂ ಕ್ಲೋರೈಡ್. ಇದಿಷ್ಟೂ ಸರಿಯಾಗಿ 2 ಲೀಟರ್ ನೀರಿಗೆ. ಆಗ ಮಾತ್ರ ಅದು ರಕ್ತದಷ್ಟೇ ಸಾಂದ್ರತೆಯದ್ದಾಗಿ, ದೇಹದಿಂದ ನೀರು ಎಳೆಯದೆ, ದೇಹಕ್ಕೆ ನೀರು ಬಿಡದೆ ಕರುಳನ್ನು ತೊಳೆದುಕೊಂಡು ಹೋಗುತ್ತದೆ. ಜನ ಏನು ಮಾಡುತ್ತಾರೆ ಅಂದರೆ ಅರ್ಧ ಪುಡಿಯನ್ನು ಕಣ್ಣಂದಾಜಿನಲ್ಲಿ ಸುರಿದು ಸಂಜೆಗೆ ಕಲಸುತ್ತಾರೆ, ಉಳಿದದ್ದನ್ನು ಬೆಳಗ್ಗೆ. ಎರಡೂ ಸರಿಯಾಗಿರುವುದಿಲ್ಲ. ಅಂಗಡಿಯ 1 ಲೀಟರ್ ನೀರಿನ ಬಾಟಲಿ ಎರಡು ತೆಗೆದುಕೊಂಡು, ದೊಡ್ಡ ಪಾತ್ರೆಯಲ್ಲಿ ಇಡೀ ಪೊಟ್ಟಣ ಒಮ್ಮೆಲೇ ಕಲಸಿ, ಮತ್ತೆ ಅದೇ ಎರಡು ಬಾಟಲಿಗೆ ತುಂಬಿಸಿದರೆ ಮುಗಿಯಿತು. ಒಂದು ಬಾಟಲಿ ಸಂಜೆಗೆ, ಒಂದು ಬೆಳಗ್ಗೆಗೆ. ಎರಡನೆಯದು ಫ್ರಿಜ್‌ನಲ್ಲಿ, ಇಲ್ಲವೇ ಒದ್ದೆ ಬಟ್ಟೆ ಸುತ್ತಿ ತಂಪಾದ ಕಡೆ.

ಸಕ್ಕರೆ ಹಾಕಬೇಡಿ ಅಂತ ದಪ್ಪ ಅಕ್ಷರದಲ್ಲಿ ಇರಲಿ. ಗ್ಲೂಕೋಸ್ ಇದ್ದರೆ ಸಣ್ಣಕರುಳು ಅದರ ಜೊತೆ ಸೋಡಿಯಂ ಮತ್ತು ನೀರನ್ನು ಹೀರಿಕೊಳ್ಳುತ್ತದೆ. ಓಆರ್‌ಎಸ್ ಕೆಲಸ ಮಾಡುವುದೇ ಹಾಗೆ, ಮತ್ತು ಇಲ್ಲಿ ನಮಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ. ನಾಲ್ಕು ಹನಿ ನಿಂಬೆರಸ ಆಗಬಹುದು.

ಪಥ್ಯದ ಮನೆ (ಪಥ್ಯತಜ್ಞೆ)

ಊಟದ ಪಟ್ಟಿ. "ಕಡಿಮೆ ನಾರಿನ ಆಹಾರ" ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ತಿಂಡಿಯ ಹೆಸರು ಬರೆಯಬೇಕು.

ಹಿಂದಿನ ದಿನ ಆಗುವುದು: ಇಡ್ಲಿ (ಸಾಂಬಾರಿಲ್ಲದೆ), ಬಿಳಿ ಅನ್ನ, ಮೊಸರನ್ನ (ದಾಳಿಂಬೆ, ಸೌತೆಕಾಯಿ, ಕರಿಬೇವಿನ ಒಗ್ಗರಣೆ ಇಲ್ಲದೆ), ಬರಿಯ ರವೆ ಗಂಜಿ, ಸಿಪ್ಪೆ ತೆಗೆದ ಆಲೂಗಡ್ಡೆ, ಬಿಳಿ ಬ್ರೆಡ್ಡು, ಮೊಟ್ಟೆ, ತಿನ್ನುವವರಿಗೆ ಬೇಯಿಸಿದ ಮೀನು ಅಥವಾ ಕೋಳಿ. ಸಾರು ಬೇಕೇ ಬೇಕು ಅನ್ನುವವರು ಸೋಸಿದ ಕಟ್ಟು ಮಾತ್ರ ಹಾಕಿಕೊಳ್ಳಲಿ.

ಆಗದ್ದು: ರಾಗಿ ಮುದ್ದೆ, ರಾಗಿ ಅಂಬಲಿ, ಜೋಳದ ರೊಟ್ಟಿ, ಚಪಾತಿ, ಯಾವುದೇ ಸೊಪ್ಪು, ಅವರೆಕಾಳು, ಹುರುಳಿ, ಮೊಳಕೆಕಾಳು, ತೆಂಗಿನತುರಿ, ಬದನೆ, ಬೆಂಡೆ, ಟೊಮೇಟೊ, ಸೀಬೆ. ರಾಗಿ ಹೊಟ್ಟೆಗೆ ತಂಪು, ಹಗುರ ಎಂಬ ನಂಬಿಕೆ ಗಟ್ಟಿಯಾಗಿದೆ, ಆದ್ದರಿಂದ "ರಾಗಿ ಬೇಡ" ಎಂದು ಹೆಸರು ಹಿಡಿದೇ ಬರೆಯಬೇಕು. ಮಂಗಳೂರು-ಉಡುಪಿ ಕಡೆಗೆ ಕುಚ್ಚಲಕ್ಕಿ ಗಂಜಿ ಬೇಡ, ಬೆಳ್ತಿಗೆ ಅಕ್ಕಿಯದಾದರೆ ಸರಿ ಎಂದು ಸೇರಿಸಬೇಕು. ಅಲ್ಲಿ ಗಂಜಿ ಎಂದರೆ ಕುಚ್ಚಲಕ್ಕಿಯದ್ದೇ.

ಬಣ್ಣದ ಪಾನೀಯಗಳಲ್ಲಿ ಪುನರ್ಪುಳಿ, ದ್ರಾಕ್ಷಿ, ಬೀಟ್ರೂಟ್, ದಾಳಿಂಬೆ ರಸ ಬೇಡ. ಒಳಗೆ ನೋಡುವಾಗ ರಕ್ತದ ಹಾಗೆ ಕಾಣುತ್ತದೆ. ಸೋಸಿದ ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಕಾಫಿ-ಟೀ ಆಗಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ತೊಂದರೆ ಇರುವವರ ಹಾಳೆಯಿಂದ ಅದನ್ನು ತೆಗೆಯಬೇಕು.

ಧಾರವಾಡ ಕಡೆಯಿಂದ

ಮೇಡಂ, ನಮ್ಮ ಕಡೆಯ ಹಾಳೆಗೆ ಇನ್ನೊಂದು ಸಾಲು ಬೇಕ್ರಿ: ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿ ಬ್ಯಾಡ. ಊಟದ ಪಟ್ಟಿಯೊಳಗ ರೊಟ್ಟಿ ಬ್ಯಾಡ ಅಂತಿದ್ರೂ ಅನ್ನಕ್ಕ ಹಿಂಡಿ ಕಲಸಿಕೊಂಡು ಉಣ್ಣತಾರ, ಅದು ಊಟದ ಲೆಕ್ಕಕ್ಕ ಬರೂದೇ ಇಲ್ಲ. ಸ್ಕೋಪಿನ ಹೀರುವ ದಾರಿ 3.7 ಮಿ.ಮೀ. ಇರತದ, ಸಣ್ಣ ಸ್ಕೋಪಿನ್ಯಾಗ 3.2. ಒಂದು ಗುರೆಳ್ಳು ಹೋದೀತು, ಹತ್ತು ಒಟ್ಟಿಗೆ ಬಂದರ ಸಿಕ್ಕೊಂತಾವ. ಸೀಬೆ, ಟೊಮೇಟೊ ಬೀಜಾನೂ ಹಂಗ. ಹಾಂ, ಬೀಜದ ಪದಾರ್ಥ ಮಾತ್ರ 3 ದಿನ ಮುಂಚೆಯಿಂದನ ಬಿಡಿಸಿದರ ಛಲೋ, ಬೀಜ ಕರಗೂದಿಲ್ಲ.

ದೂರದಿಂದ ಬರೋರ ಬಗ್ಗೆ ಯಾರೂ ಬರೀಲಿಲ್ಲ. ಹಳ್ಳಿಯಿಂದ ಬೆಳಿಗ್ಗೆ ಐದರ ಬಸ್ಸು ಹಿಡಿಯೋರಿಗೆ ಆವಾಗಲೇ ಒಂದು ಲೀಟರ್ ಕುಡೀರಿ ಅಂದರ ಹೆಂಗ ಕುಡೀತಾರ? ಬಸ್ಸಿನ್ಯಾಗ ಕಕ್ಕಸ ಇರೂದಿಲ್ಲ. ಅಂಥವರು ಎರಡನೇ ಕಂತು ಬಿಟ್ಟೇ ಬಿಡತಾರ. ಅವರಿಗೆ ಮಧ್ಯಾಹ್ನದ ಸರದಿ ಕೊಟ್ಟು, ಆಸ್ಪತ್ರಿಗೆ ಬಂದ ಮ್ಯಾಲೆ ಎಂಟು ಗಂಟೆಗೆ ಕುಡಿಸೂದು ಒಳ್ಳೇದು. ಅದಕ್ಕ ಒಂದು ಕೋಣಿ, ಎರಡು ಕಕ್ಕಸ ಬೇಕಾಗತಾವ ಅಷ್ಟ.

ಡಿಎಂ ಎರಡನೇ ವರ್ಷ

ಎರಡು ಪ್ರಶ್ನೆ ಸರ್. ಬೀಜದ ಮಾತು ಬಿಟ್ಟರೆ, ಪಥ್ಯ ಒಂದು ದಿನ ಸಾಕೇ ಮೂರು ದಿನ ಬೇಕೇ? ಮತ್ತು 2 ಲೀಟರ್ ಸಾಕೇ 4 ಲೀಟರ್ ಬೇಕೇ? ಪಠ್ಯಪುಸ್ತಕ ಒಂದು ಹೇಳುತ್ತದೆ, ವಾರ್ಡಿನಲ್ಲಿ ನಡೆಯುವುದು ಇನ್ನೊಂದು.

ದೊಡ್ಡಕರುಳು

ಪಥ್ಯ ಒಂದು ದಿನ ಸಾಕು. ಯುರೋಪಿನ ಎಂಡೋಸ್ಕೋಪಿ ಸಂಘದ 2019ರ ಮಾರ್ಗಸೂಚಿಯೂ ಹಿಂದಿನ ದಿನ ಕಡಿಮೆ ನಾರಿನ ಊಟ ಎಂದೇ ಹೇಳುತ್ತದೆ. ದಿನಗಳನ್ನು ಹೆಚ್ಚಿಸಿದಷ್ಟೂ ಪಾಲಿಸುವವರು ಕಡಿಮೆಯಾಗುತ್ತಾರೆ. ಮಲಬದ್ಧತೆ ಇರುವವರಿಗೆ, ಹಿಂದೊಮ್ಮೆ ಸಿದ್ಧತೆ ಕೆಟ್ಟವರಿಗೆ 2-3 ದಿನ ಮಾಡಿಸಬಹುದು. ಕಬ್ಬಿಣದ ಮಾತ್ರೆಯನ್ನು ಮಾತ್ರ ಎಲ್ಲರಿಗೂ 5-7 ದಿನ ಮುಂಚೆ ನಿಲ್ಲಿಸಿ, ಅದು ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡುತ್ತದೆ. ಇಸಬ್‌ಗೋಲ್ ಕೂಡ ಆಗಲೇ ನಿಲ್ಲಲಿ. ಹೊಟ್ಟೆ ಶುದ್ಧವಾಗಲಿ ಎಂದು ಅದನ್ನೇ ಎರಡು ಚಮಚ ಹೆಚ್ಚು ಹಾಕಿಕೊಳ್ಳುವವರಿದ್ದಾರೆ.

ಪ್ರಮಾಣ: ತೊಂದರೆಯ ಲಕ್ಷಣವಿಲ್ಲದ ಹೊರರೋಗಿಗೆ 2 ಲೀಟರ್, ಎರಡು ಕಂತು, ಜೊತೆಗೆ ಹಿಂದಿನ ಮಧ್ಯಾಹ್ನ ಭೇದಿಯ ಮಾತ್ರೆ ಬಿಸಾಕೊಡಿಲ್ 10 ಮಿ.ಗ್ರಾಂ. ಬಿಸಾಕೊಡಿಲ್ ಅದಕ್ಕಿಂತ ಹೆಚ್ಚಿಸಬೇಡಿ. 20 ಮಿ.ಗ್ರಾಂ ಕೊಟ್ಟಲ್ಲಿ ಕರುಳಿಗೆ ರಕ್ತ ಸಾಲದೆ ಉರಿಯೂತವಾದ ವರದಿಗಳಿವೆ. ಮಲಬದ್ಧತೆ, ಓಪಿಯಾಯ್ಡ್ ನೋವಿನ ಮಾತ್ರೆ, ಹಳೆಯ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್, ಹಿಂದಿನ ವೈಫಲ್ಯ ಇವುಗಳಲ್ಲಿ ಯಾವುದೇ ಒಂದಿದ್ದರೂ 4 ಲೀಟರ್‌ಗೆ ಹೋಗಿ. ಇದನ್ನು ತೀರ್ಮಾನಿಸಬೇಕಾದದ್ದು ಹಾಳೆ ಕೊಡುವ ಹೊತ್ತಿನಲ್ಲಿ. "ದಿನಕ್ಕೆ ಎಷ್ಟು ಸಲ ಹೋಗುತ್ತೀರಿ, ಗಟ್ಟಿಯೋ ಮೆತ್ತಗೋ" ಎಂದು ಕೇಳಲು ಅರ್ಧ ನಿಮಿಷ ಸಾಕು. ಅದನ್ನು ಕೇಳದೇ ಹಾಳೆ ಕೊಟ್ಟರೆ ಮುಂದಿನ ಎಲ್ಲ ಶ್ರಮವೂ ಅಂದಾಜಿನ ಮೇಲೆ ನಿಂತಂತೆ.

ಕುಡಿಯುವ ವೇಗ 10-15 ನಿಮಿಷಕ್ಕೆ 250 ಮಿ.ಲೀ. ವಾಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಶುರು ಮಾಡಲಿ. ನೊರೆಗೆ ಸಿಮೆಥಿಕೋನ್ ಕೊನೆಯ ಲೋಟದ ಜೊತೆ ಬಾಯಿಯ ಮೂಲಕ, ಸುಮಾರು 320 ಮಿ.ಗ್ರಾಂ. 1 ಮಿ.ಲೀ.ಗೆ 40 ಮಿ.ಗ್ರಾಂ ಇರುವ ದ್ರವವಾದರೆ 8 ಮಿ.ಲೀ. ಸ್ಕೋಪಿನ ನೀರಿನ ಬಾಟಲಿಗೆ ಅದನ್ನು ಸುರಿಯುವ ಅಭ್ಯಾಸ ಬಿಡಬೇಕು. ತೊಳೆದರೂ ಅದರ ಜಿಡ್ಡು ಸ್ಕೋಪಿನ ಕೊಳವೆಯೊಳಗೆ ಉಳಿದು, ಸೋಂಕುನಿವಾರಣೆಗೂ ಒಣಗುವುದಕ್ಕೂ ಅಡ್ಡಿಯಾಗುತ್ತದೆ.

ಅರಿವಳಿಕೆ

ಖಾಲಿ ಹೊಟ್ಟೆಯ ಮಾತು ಬಂದದ್ದಕ್ಕೆ: ನಮ್ಮ ವಿಭಾಗದವರು ಬರೆಸುವ "ರಾತ್ರಿ 12ರ ನಂತರ ಏನೂ ಬೇಡ" ಎಂಬ ಸಾಲು ಈ ಹಾಳೆಯ ನೇರ ಶತ್ರು. ಆಚೆ ಕಾಣುವ ದ್ರವಕ್ಕೆ 2 ಗಂಟೆ, ಹಗುರ ಊಟಕ್ಕೆ 6 ಗಂಟೆ, ಇದೇ ನಿಯಮ. ಪೆಗ್ ನೀರಿಗೂ 2 ಗಂಟೆಯೇ. ಎರಡು ವಿಭಾಗ ಎರಡು ಹಾಳೆ ಕೊಟ್ಟರೆ ರೋಗಿ ಹೆಚ್ಚು ಕಠಿಣವಾದದ್ದನ್ನೇ ನಂಬುತ್ತಾನೆ. ಹಾಳೆ ಒಂದೇ ಇರಬೇಕು, ಇಬ್ಬರ ಸಹಿಯೂ ಅದರ ಮೇಲಿರಬೇಕು.

ಸಮಯವನ್ನು ಗಡಿಯಾರದ ಲೆಕ್ಕದಲ್ಲಿ ಬರೆಯಿರಿ. "4-6 ಗಂಟೆ ಮುಂಚೆ" ಅಂದರೆ ಲೆಕ್ಕ ಹಾಕುವ ಕೆಲಸ ರೋಗಿಯ ತಲೆಗೆ ಬೀಳುತ್ತದೆ. 9 ಗಂಟೆಯ ಸರದಿ: ನಸುಕಿನ ನಾಲ್ಕೂವರೆಗೆ ಶುರು, 6ಕ್ಕೆ ಮುಗಿಸಿ, 7ರ ನಂತರ ನೀರೂ ಬೇಡ. 12ರ ಸರದಿ: 7ಕ್ಕೆ ಶುರು, ಎಂಟೂವರೆಗೆ ಮುಗಿಸಿ, 10ರ ನಂತರ ನೀರು ಬೇಡ. ಆ ಜಾಗ ಖಾಲಿ ಬಿಟ್ಟು ಸಿಸ್ಟರ್ ಕೈಯಲ್ಲಿ ತುಂಬಿಸಲಿ. ಸರದಿ ಬದಲಾದರೆ ಫೋನಿನಲ್ಲಿ ಹೊಸ ಸಮಯ ಹೇಳುವುದು ಮರೆಯಬಾರದು, ಎಡವುವುದು ಅಲ್ಲೇ.

ಹೊಟ್ಟೆ ನಿಧಾನವಾಗಿ ಖಾಲಿಯಾಗುವವರು ಬೇರೆ. ಸಕ್ಕರೆ ಕಾಯಿಲೆಗೋ ತೂಕ ಇಳಿಸಲೋ ಸೆಮಾಗ್ಲುಟೈಡ್ ಬಗೆಯ ಚುಚ್ಚುಮದ್ದು ತೆಗೆದುಕೊಳ್ಳುವವರು, ಅದರಲ್ಲೂ ಪ್ರಮಾಣ ಏರಿಸುತ್ತಿರುವವರು ಮತ್ತು ವಾಕರಿಕೆ ಇರುವವರಿಗೆ ಹಿಂದಿನ 24 ಗಂಟೆ ದ್ರವ ಮಾತ್ರ ಕೊಡಿ, ನಮಗೆ ಮೊದಲೇ ತಿಳಿಸಿ.

ಕಿಡ್ನಿ ವಿಭಾಗ

ನನ್ನದು ಎಚ್ಚರಿಕೆಯ ಪಟ್ಟಿ. ಸೋಡಿಯಂ ಫಾಸ್ಫೇಟ್ ಕುಡಿಸುವ ದ್ರಾವಣ ಬೇಡವೇ ಬೇಡ. ಫಾಸ್ಫೇಟ್ ಕಿಡ್ನಿಯ ನಾಳಗಳಲ್ಲಿ ಕ್ಯಾಲ್ಸಿಯಂ ಜೊತೆ ಹರಳುಗಟ್ಟಿ ಶಾಶ್ವತ ಹಾನಿ ಮಾಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಇದರ ಬಗ್ಗೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. ಕಡಿಮೆ ಕುಡಿದರೆ ಸಾಕೆಂಬ ಕಾರಣಕ್ಕೆ ಯಾರೂ ಅದಕ್ಕೆ ಮರಳಬಾರದು. ಮೆಗ್ನೀಸಿಯಂ ಇರುವ ಪಿಕೋಸಲ್ಫೇಟ್ ಭೇದಿ ಪುಡಿಯೂ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ಪ್ರಮಾಣ) 30ಕ್ಕಿಂತ ಕೆಳಗಿನವರಿಗೆ ಸಲ್ಲದು. ವಯಸ್ಸಾದವರು ಥಯಾಜೈಡ್ ಎಂಬ ಮೂತ್ರ ಹೆಚ್ಚಿಸುವ ಮಾತ್ರೆಯ ಮೇಲಿದ್ದು ಅದನ್ನು ಕುಡಿದು, ಮೇಲೆ ಬರೀ ನೀರು ಕುಡಿಯುತ್ತಾ ಹೋದರೆ ಸೋಡಿಯಂ ಇಳಿದು ಮಂಕಾಗುತ್ತಾರೆ. ಕಿಡ್ನಿ, ಹೃದಯ, ಲಿವರ್ ತೊಂದರೆ ಇರುವವರಿಗೆ ಪೆಗ್ ಒಂದೇ.

ಸಕ್ಕರೆ ಕಾಯಿಲೆಯಲ್ಲಿ ಮರೆಯುವ ಮಾತ್ರೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಗೆಯದು. ಪರೀಕ್ಷೆಗೆ 3 ದಿನ ಮುಂಚೆ ನಿಲ್ಲಿಸಬೇಕು. ಊಟ ನಿಂತು ಭೇದಿಯಾಗುವಾಗ ಈ ಮಾತ್ರೆ ಇದ್ದರೆ ರಕ್ತದ ಸಕ್ಕರೆ ಮಾಮೂಲಾಗಿ ಕಾಣುತ್ತಿರುವಾಗಲೇ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಅಪಾಯದ ಸ್ಥಿತಿ) ಬರಬಹುದು. ಹೃದಯಕ್ಕೆ, ಕಿಡ್ನಿಗೆ ಎಂದು ಬರೆಸಿಕೊಂಡವರೂ ಇದ್ದಾರೆ, ಅವರನ್ನು "ಶುಗರ್ ಇದೆಯಾ" ಎಂದು ಕೇಳಿದರೆ ಇಲ್ಲ ಅನ್ನುತ್ತಾರೆ. ಮಾತ್ರೆಗಳ ಚೀಟಿಯನ್ನೇ ನೋಡಬೇಕು. ಸಲ್ಫೊನಿಲ್‌ಯೂರಿಯಾ ಬಗೆಯ ಶುಗರ್ ಮಾತ್ರೆ ಪರೀಕ್ಷೆಯ ದಿನ ಬೇಡ. ಇನ್ಸುಲಿನ್ ಎಷ್ಟು ತಗ್ಗಿಸಬೇಕು ಎಂಬುದನ್ನು ಅವರ ವೈದ್ಯರೇ ಬರೆದುಕೊಡಲಿ, ಅಚ್ಚಿನಲ್ಲಿ ಬೇಡ.

ಎಂಡೋ ಸಿಸ್ಟರ್

ಇಷ್ಟೆಲ್ಲ ಹೇಳಿದರೂ ಕೊಳಕಾಗಿ ಬಂದವರಿಗೆ ಏನು ಮಾಡುವುದು ಅಂತಲೂ ನಿಗದಿ ಆಗಲಿ ಸರ್. ಬಂದ ತಕ್ಷಣ "ಆಯ್ತಾ, ಎಲ್ಲ ಕ್ಲಿಯರ್ ಆಯ್ತಾ" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಕೊನೇ ಸಲ ಹೋದದ್ದು ಯಾವ ಬಣ್ಣ ಅಂತ ಕೇಳಬೇಕು. ನಾಲ್ಕು ಬಣ್ಣದ ಚಿತ್ರ ಗೋಡೆ ಮೇಲಿದ್ದರೆ ಬೆರಳು ತೋರಿಸುತ್ತಾರೆ, ನಾಚಿಕೆಯೂ ಇರುವುದಿಲ್ಲ.

ದೊಡ್ಡಕರುಳು

ಹೌದು ಸಿಸ್ಟರ್. ಕಂದು ಬಣ್ಣ ಅಥವಾ ಚೂರುಗಳಿದ್ದರೆ ಮೇಜಿನ ಮೇಲೆ ಮಲಗಿಸುವುದಕ್ಕೆ ಮುಂಚೆಯೇ ಮತ್ತೆ 500 ಮಿ.ಲೀ.ನಿಂದ 1 ಲೀಟರ್ ಪೆಗ್ ಕುಡಿಸಿ, 2 ಗಂಟೆ ಬಿಟ್ಟು, ಅದೇ ದಿನ ಸರದಿಯ ಕೊನೆಗೆ ಹಾಕಿ. ಎನಿಮಾ ಎಡಭಾಗವನ್ನಷ್ಟೇ ತೊಳೆಯುತ್ತದೆ, ಬಲಭಾಗದ ಕೊಳೆಗೆ ಅದು ಪರಿಹಾರವಲ್ಲ. ಮ್ಯಾನಿಟಾಲ್ ಎಂಬ ಸಕ್ಕರೆ ಬಗೆಯ ಭೇದಿ ಔಷಧ ಕುಡಿಸಿ ಬೇಗ ಮುಗಿಸುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿದಾಗ ಹೈಡ್ರೋಜನ್, ಮೀಥೇನ್ ಹುಟ್ಟುತ್ತವೆ. ಆಗ ಕಾಟರಿ (ವಿದ್ಯುತ್ತಿನಿಂದ ಸುಟ್ಟು ಕತ್ತರಿಸುವ ಸಾಧನ) ಬಳಸಿದರೆ ಸ್ಫೋಟವಾಗಬಹುದು, ಸಾವೂ ಸಂಭವಿಸಿದೆ. ಕತ್ತರಿಸಿ ತೆಗೆಯಬೇಕಾದ ಪಾಲಿಪ್ (ಕರುಳಿನ ಗೋಡೆಯ ಗಡ್ಡೆ) ಸಿಕ್ಕೀತೆಂಬ ನಿರೀಕ್ಷೆಯಿಂದಲೇ ಒಳಹೋಗುವ ಪರೀಕ್ಷೆಗೆ ಮ್ಯಾನಿಟಾಲ್ ಕೊಡುವುದು ಸರಿಯಲ್ಲ.

ಇನ್ನೊಂದು, ಕರುಳು ಕಟ್ಟಿಕೊಂಡ ಅನುಮಾನವಿದ್ದರೆ ಈ ಹಾಳೆಯೇ ಬೇಡ. ಹೊಟ್ಟೆ ಉಬ್ಬರ, ವಾಂತಿ, ಗಾಳಿ ಹೋಗದಿರುವುದು ಇದ್ದರೆ ಮೊದಲು ಚಿತ್ರಣ (ಎಕ್ಸ್‌ರೇ, ಸ್ಕ್ಯಾನ್). ಕ್ಷಯದಿಂದ ಇಲಿಯಮ್ ಕಿರಿದಾದವರಿಗೆ 2 ಲೀಟರ್ ಒಟ್ಟಿಗೆ ಕುಡಿಸಿದರೆ ಅಪಾಯ.

ಡಿಎಂ ಎರಡನೇ ವರ್ಷ

ಕ್ಷಯದ ಮಾತು ಬಂದದ್ದರಿಂದ ಕೇಳುತ್ತೇನೆ ಸರ್. ಸೀಕಮ್‌ನಲ್ಲಿ ಹುಣ್ಣು ಕಂಡರೆ ಬಯಾಪ್ಸಿಗೆ ತೆಗೆದ ಚೂರು ಎಲ್ಲವನ್ನೂ ಕೆಡದಂತೆ ಇಡುವ ಫಾರ್ಮಲಿನ್‌ಗೇ ಹಾಕಿಬಿಡುತ್ತೇವೆ. ಆಮೇಲೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬೇಕಿತ್ತು ಅನ್ನಿಸುತ್ತದೆ. ಇನ್ನೊಂದು, ಇಂಥ ಹಾಳೆಯಿಂದ ಪ್ರಯೋಜನವಾಯಿತೋ ಇಲ್ಲವೋ ಅಂತ ಅಳೆಯುವುದು ಹೇಗೆ?

ದೊಡ್ಡಕರುಳು

ಮೊದಲನೆಯದು: ಫಾರ್ಮಲಿನ್ ಮುಟ್ಟಿದ ಚೂರಿನಲ್ಲಿ ಕ್ಷಯದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಎಂಡೋಸ್ಕೋಪಿ ಶುರುವಾಗುವ ಮುಂಚೆಯೇ ಎರಡು ಬಾಟಲಿ ತಯಾರಿರಲಿ, ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್. ಹುಣ್ಣಿನ ಅಂಚು ಮತ್ತು ತಳ ಎರಡರಿಂದಲೂ ಚೂರು ತೆಗೆದು ಎರಡಕ್ಕೂ ಹಂಚಿ. ಸಲೈನ್‌ನದ್ದು ಎಂಜಿಐಟಿ ಎಂಬ ದ್ರವ ಕಲ್ಚರ್‌ಗೆ, ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್‌ಗೆ. ಎಕ್ಸ್‌ಪರ್ಟ್ ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂತೆಂದು ಕ್ಷಯವಲ್ಲ ಎನ್ನಲಾಗದು, ಕರುಳಿನ ಮಾದರಿಯಲ್ಲಿ ಅದು ಬಹಳಷ್ಟನ್ನು ತಪ್ಪಿಸಿಕೊಳ್ಳುತ್ತದೆ. ಅಡ್ಡಕ್ಕೆ ಸುತ್ತುವರಿದ ಹುಣ್ಣು, ಇಲಿಯಮ್-ಸೀಕಮ್ ನಡುವೆ ಬಾಯಿ ತೆರೆದುಕೊಂಡೇ ಇರುವ ಕವಾಟ ಕ್ಷಯದ ಕಡೆಗೆ. ಉದ್ದುದ್ದ ಹುಣ್ಣು, ನಡುನಡುವೆ ಚೆನ್ನಾಗಿರುವ ಜಾಗ ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆ) ಕಡೆಗೆ. ಇದನ್ನೆಲ್ಲ ನೋಡಬೇಕಾದರೂ ಬಲಭಾಗ ಶುಭ್ರವಾಗಿರಬೇಕು.

ಎರಡನೆಯದು: ಸಾಲಾಗಿ ಬಂದ 100 ಜನರನ್ನು ಬರೆದಿಡಿ, ಆಯ್ದುಕೊಳ್ಳದೆ. ನಾಲ್ಕೇ ಕಾಲಂ ಸಾಕು: ಕೊನೆಯ ಲೋಟ ಮುಗಿಸಿದ ಸಮಯ, ಸ್ಕೋಪ್ ಒಳಹೋದ ಸಮಯ, ಮೂರು ಭಾಗದ ಅಂಕ, ಕೆಟ್ಟಿದ್ದರೆ ಕಾರಣ. ಹಾಳೆ ಬದಲಿಸಿ ಮತ್ತೆ 100. 20 ಜನರ ಲೆಕ್ಕ ನೋಡಿ ಹಿಗ್ಗಬೇಡಿ. 20ರಲ್ಲಿ 18 ಚೆನ್ನಾಗಿದ್ದರೆ ನೂರಕ್ಕೆ 90 ಎನ್ನುತ್ತೇವೆ, ಆದರೆ 95 ಪ್ರತಿಶತ ವಿಶ್ವಾಸದ ವ್ಯಾಪ್ತಿ (ನಿಜವಾದ ಅಂಕಿ ಇರಬಹುದಾದ ಎಲ್ಲೆ) 70ರಿಂದ 97. 100ರಲ್ಲಿ 90 ಇದ್ದರೆ ಅದು 83ರಿಂದ 94ಕ್ಕೆ ಕಿರಿದಾಗುತ್ತದೆ. ಅಂಕ ಹಾಕುವವರ ಕೈಯೂ ಒಂದೇ ಇರಬೇಕು. ತಿಂಗಳಿಗೊಮ್ಮೆ ಹತ್ತು ವಿಡಿಯೋ ಇಟ್ಟುಕೊಂಡು ಎಲ್ಲರೂ ಮಾತಾಡದೆ ಅಂಕ ಬರೆದು ಆಮೇಲೆ ಹೋಲಿಸಿ. ಜಗಳ ಬರುವುದು ಯಾವಾಗಲೂ 1 ಮತ್ತು 2ರ ನಡುವೆ, ಸಾಕು-ಸಾಲದು ಎಂಬ ಗೆರೆ ಇರುವುದೂ ಅಲ್ಲೇ.

ಭಾರತದ ವೈದ್ಯರಿಗಿರುವ 2002ರ ವೃತ್ತಿ ನಡವಳಿಕೆ ನಿಯಮಗಳು 5 ವರ್ಷಕ್ಕೆ 30 ಗಂಟೆ ಮುಂದುವರಿದ ಶಿಕ್ಷಣ ಕೇಳುತ್ತವೆ. ಆ ಗಂಟೆಗಳನ್ನು ತುಂಬಿಸುವುದು ಕಷ್ಟವಲ್ಲ. ಆದರೆ ತನ್ನ ಘಟಕದ 100 ಜನರ ಪಟ್ಟಿ ಕಲಿಸುವಷ್ಟು ಉಪನ್ಯಾಸ ಕಲಿಸುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಅಮೆರಿಕದ ಜಠರ-ಕರುಳು ತಜ್ಞರ ಸಂಘಗಳ 2024ರ ಮಾನದಂಡದಲ್ಲಿ ಸ್ಕೋಪ್ ಹಿಂದೆ ತರುವ ಸಮಯ ಸರಾಸರಿ 8 ನಿಮಿಷವಾದರೂ ಇರಬೇಕು, ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಲ್ಲ ಗಡ್ಡೆ) ಪತ್ತೆ ನೂರು ಜನರಲ್ಲಿ 35 ಜನರಲ್ಲಾದರೂ ಇರಬೇಕು. ಅಡಿನೋಮಾದ ಅಂಕಿಯನ್ನು ಇಲ್ಲಿಗೆ ಹಾಗೇ ತರಬೇಡಿ, ನಮ್ಮಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಅವರಿಗಿಂತ ಕಡಿಮೆ, ಬರುವವರ ವಯಸ್ಸೂ ಕಾರಣವೂ ಬೇರೆ. ಸಿದ್ಧತೆಯ 90 ಮಾತ್ರ ಎಲ್ಲಿಯಾದರೂ ಸಲ್ಲುತ್ತದೆ.

ಎಂಡೋ ಸಿಸ್ಟರ್

ಎಲ್ಲರ ಮಾತು ಸೇರಿಸಿ ಹಾಳೆಯ ಮುಖ್ಯ ಭಾಗ ಬರೆದಿದ್ದೇನೆ, ನೋಡಿ:

"ನಿಮ್ಮ ಪರೀಕ್ಷೆ ____ ದಿನ, ____ ಗಂಟೆಗೆ. ಹಿಂದಿನ ದಿನ ಇಡ್ಲಿ, ಬಿಳಿ ಅನ್ನ, ಮೊಸರನ್ನ ಮಾತ್ರ ತಿನ್ನಿ. ರಾಗಿ, ಜೋಳ, ಸೊಪ್ಪು, ಕಾಳು ಬೇಡ. ಬೀಜ ಇರುವ ಹಣ್ಣು-ತರಕಾರಿ, ಹಿಂಡಿ 3 ದಿನ ಮುಂಚೆಯೇ ನಿಲ್ಲಿಸಿ. ಮಧ್ಯಾಹ್ನ 3ಕ್ಕೆ ಕೊನೆಯ ಊಟ, ಆಗಲೇ ಚಿಕ್ಕ ಮಾತ್ರೆ (ಬಿಸಾಕೊಡಿಲ್) ಎರಡು ನುಂಗಿ. ಆಮೇಲೆ ಗಾಜಿನ ಲೋಟದ ಆಚೆ ಬೆರಳು ಕಾಣುವಂಥದ್ದನ್ನು ಮಾತ್ರ ಕುಡಿಯಿರಿ. ಮಜ್ಜಿಗೆ, ಹಾಲು, ಗಂಜಿ ಬೇಡ. ಇಡೀ ಪುಡಿಯನ್ನು 2 ಲೀಟರ್ ನೀರಿಗೆ ಒಮ್ಮೆಲೇ ಕಲಸಿ ಎರಡು ಬಾಟಲಿಗೆ ತುಂಬಿಸಿ. ಸಕ್ಕರೆ ಹಾಕಬೇಡಿ. ಸಂಜೆ 6ಕ್ಕೆ ಒಂದು ಬಾಟಲಿ, ಕಾಲು ಗಂಟೆಗೊಂದು ಲೋಟ. ಪರೀಕ್ಷೆಯ ದಿನ ಬೆಳಗ್ಗೆ ____ ಗಂಟೆಗೆ ಎರಡನೇ ಬಾಟಲಿ ಕುಡಿಯಲೇಬೇಕು. ____ ಗಂಟೆಯ ನಂತರ ನೀರೂ ಬೇಡ. ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ. ಶುಗರ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ವಾರ ಮುಂಚೆಯೇ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಜೊತೆಗೆ ಒಬ್ಬರು ಬರಬೇಕು."

ಕಿಡ್ನಿ ವಿಭಾಗ

ಬಿಪಿ ಮಾತ್ರೆಯ ಸಾಲಿಗೆ "ನೀರಿನ ಮಾತ್ರೆ ಆ ಬೆಳಗ್ಗೆ ಬೇಡ, ವೈದ್ಯರು ಬೇಕೆಂದಿದ್ದರೆ ಮಾತ್ರ" ಎಂದು ಸೇರಿಸಿ. ಮೂತ್ರ ಹೆಚ್ಚಿಸುವ ಮಾತ್ರೆಗೆ ಜನ ಹೇಳುವುದು ನೀರಿನ ಮಾತ್ರೆ ಅಂತಲೇ.

ಧಾರವಾಡ ಕಡೆಯಿಂದ

ಸಿಸ್ಟರ್, ಒಂದು ಸಾಲು ಬಿಟ್ಟದ. ಎರಡು ಲೋಟ ಕುಡಿದು ನೀರಾಗಿ ಹೋಗಾಕ ಶುರುವಾದ ಕೂಡಲೇ "ಆತು, ಸ್ವಚ್ಛ ಆತು" ಅಂತ ಉಳಿದದ್ದನ್ನ ಚೆಲ್ಲತಾರ. ಇನ್ನೂ ಕೆಲವರು ಭೇದಿ ಜಾಸ್ತಿ ಆತಂತ ಹೆದರಿ ಭೇದಿ ನಿಲ್ಲಿಸೋ ಲೋಪೆರಮೈಡ್ ಗುಳಿಗಿ ನುಂಗತಾರ.

ಎಂಡೋ ಸಿಸ್ಟರ್

ಸರಿ, ಎರಡನೇ ಬಾಟಲಿಯ ಸಾಲಿನ ಕೆಳಗೇ ಹಾಕಿದೆ: "ನೀರಾಗಿ ಹೋದರೂ ನಿಲ್ಲಿಸದೆ ಬಾಟಲಿ ಖಾಲಿ ಮಾಡಿ. ಭೇದಿ ನಿಲ್ಲಿಸುವ ಮಾತ್ರೆ ತೆಗೆದುಕೊಳ್ಳಬೇಡಿ. ಕೊನೆಗೆ ಹೋಗುವುದು ಮೂತ್ರದ ಹಾಗೆ ತಿಳಿಹಳದಿಯಾಗಿ, ಚೂರಿಲ್ಲದೆ ಇರಬೇಕು. ಹೊಟ್ಟೆ ಊದಿ ತುಂಬ ನೋವಾದರೆ, ವಾಂತಿ ನಿಲ್ಲದಿದ್ದರೆ, ಕುಡಿಯುವುದನ್ನು ನಿಲ್ಲಿಸಿ ಈ ನಂಬರಿಗೆ ಫೋನ್ ಮಾಡಿ." ಬೆಳಗ್ಗೆ ನಾಲ್ಕೂವರೆಗೂ ಎತ್ತುವ ನಂಬರನ್ನೇ ಅಲ್ಲಿ ಬರೆಯಬೇಕು, ಹೊರರೋಗಿ ಕೌಂಟರಿನದ್ದಲ್ಲ.